ಮೈಲುತುತ್ತದ ಪಕ್ಕದ ಬೋರ್ಡೋ

ವೈನನ್ನು ಹಳತು ಮಾಡುವುದಕ್ಕೆ ನೆಲಮಾಳಿಗೆ ಬೇಕು, ಅಲ್ಲಿ ವರ್ಷವಿಡೀ 12ರಿಂದ 14 ಡಿಗ್ರಿ ಸೆಲ್ಸಿಯಸ್ ತಂಪಿರಬೇಕು, ಬೆಳಕು ಸುಳಿಯಬಾರದು, ಬಾಟಲಿ ಅಲುಗಾಡಬಾರದು, ಗಾಳಿಯಲ್ಲಿ ಶೇಕಡಾ 70ರ ಆಸುಪಾಸು ತೇವವಿರಬೇಕು, ಬಿರಡೆ ಒಣಗದಂತೆ ಬಾಟಲಿಯನ್ನು ಮಲಗಿಸಿಡಬೇಕು ಎಂದು ಬಲ್ಲವರು ಹೇಳುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಈ ಪಟ್ಟಿ ಹಿಡಿದು ಹುಡುಕಿದರೆ ಸಿಗುವುದು ತೇವವೊಂದೇ; ಅದನ್ನು ಬೇಕಾದರೆ ಫ್ರಾನ್ಸಿಗೂ ಸಾಲ ಕೊಡಬಲ್ಲೆವು. ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಸುರಿಯುವ ಆಗುಂಬೆ ಇರುವುದು ನಮ್ಮದೇ ತಾಲ್ಲೂಕಿನಲ್ಲಿ. ಇಲ್ಲಿ ಬಿರಡೆ ಒಣಗುವ ಮಾತು ಹಾಗಿರಲಿ, ಆಷಾಢದಲ್ಲಿ ಬಾಗಿಲುಗಳೇ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಬೇಕಾದ ಚಳಿ ಮಾಗಿಯ ಕೆಲವು ರಾತ್ರಿಗಳಲ್ಲಿ ಬಂದು, ಬೆಳಗಾಗಿ ಹೊತ್ತೇರುವುದರೊಳಗೆ ಹೋಗಿಬಿಡುತ್ತದೆ. ಇನ್ನು ನೆಲಮಾಳಿಗೆ ತೋಡಲು ಹೊರಟರೆ ಸಿಗುವುದು ಬಾವಿ.

ಹೀಗಿದ್ದೂ ನಮ್ಮಲ್ಲೊಂದು ಬಾಟಲಿ ಹಳತಾಯಿತು. ಅದಕ್ಕೆ ಕಾರಣ ನಮ್ಮ ಜಾಣತನವಲ್ಲ, ಬಾಟಲಿಯ ಮೇಲಿದ್ದ ಹೆಸರು. ಬೆಂಗಳೂರಿನ ಭಾವ ಯಾವುದೋ ದೀಪಾವಳಿಗೆ ಬಂದಾಗ ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ 2010ರ ಕೊಯ್ಲಿನ ಕೆಂಪು ವೈನೊಂದನ್ನು ತಂದು, 'ಅಲ್ಲಿಗೆ ಅದು ಬಹಳ ಒಳ್ಳೆಯ ವರ್ಷ, ಈಗಲೇ ತೆಗೆಯಬೇಡಿ, ಕತ್ತಲಲ್ಲಿ ಮಲಗಿಸಿಡಿ' ಎಂದು ಚಿಕ್ಕಪ್ಪನ ಕೈಗೊಪ್ಪಿಸಿ ಹೋಗಿದ್ದರು. ಚಿಕ್ಕಪ್ಪ ಕನ್ನಡಕ ಏರಿಸಿ ಚೀಟಿಯನ್ನು ಓದತೊಡಗಿ, ಬೋರ್ಡೋ ಎಂಬಲ್ಲಿಗೆ ಓದುವುದನ್ನು ನಿಲ್ಲಿಸಿ, ಬಾಟಲಿಯನ್ನು ಸೀದಾ ತೋಟದಂಚಿನ ಔಷಧಿ ಕೊಠಡಿಗೆ ಒಯ್ದು ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಚೀಲಕ್ಕೂ ಸುಣ್ಣದ ಡಬ್ಬಕ್ಕೂ ನಡುವೆ ಮಲಗಿಸಿದರು.

ಅಡಿಕೆ ಬೆಳೆಗಾರರನ್ನು ಇದಕ್ಕಾಗಿ ದೂರುವಂತಿಲ್ಲ. ಮಲೆನಾಡಿನಲ್ಲಿ ಬೋರ್ಡೋ ಎಂದರೆ ಕೊಳೆರೋಗಕ್ಕೆ ಹೊಡೆಯುವ ದ್ರಾವಣ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಮುಂಗಾರಿಗೆ ಮೊದಲೊಮ್ಮೆ, 40–45 ದಿನ ಕಳೆದು, ಮರ ಹತ್ತುವ ಕೊನೆಗಾರನೂ ಬಿಸಿಲೂ ಒಟ್ಟಿಗೆ ಸಿಕ್ಕಿದರೆ, ಇನ್ನೊಮ್ಮೆ. ಆ ದ್ರಾವಣ ಹುಟ್ಟಿದ್ದೂ ಅದೇ ಬೋರ್ಡೋದ ದ್ರಾಕ್ಷಿ ತೋಟಗಳಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ಅಲ್ಲಿನ ಬೆಳೆಗಾರರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ಬಾರದಿದ್ದುದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ ಅದೇ ದ್ರಾವಣವನ್ನು ಅಡಿಕೆ ಗೊನೆಗೆ ಹತ್ತಿಸಿದರು. ಕಳ್ಳರನ್ನು ಹೆದರಿಸುವ ಅದರ ಮೂಲ ಗುಣ ನಮ್ಮ ಕೊಠಡಿಯಲ್ಲೂ ಕುಂದಿರಲಿಲ್ಲ. ರಜೆಗೆ ಬರುವ ಸೋದರಳಿಯಂದಿರು ಅಟ್ಟ, ಕಣಜಗಳನ್ನೆಲ್ಲ ಜಾಲಾಡಿದರೂ ಅತ್ತ ಕಡೆ ತಲೆ ಹಾಕಲಿಲ್ಲ. ಕತ್ತಲು, ನಿಶ್ಚಲತೆ, ತೇವ ಈ ಮೂರೂ ಯಾರ ಪ್ರಯತ್ನವೂ ಇಲ್ಲದೆ ಆ ಬಾಟಲಿಗೆ ಒದಗಿಬಂದವು.

ಈಚಿನ ಒಂದು ಮಳೆಗಾಲದಲ್ಲಿ ಭಾವ ಮತ್ತೆ ಬಂದರು. ಬರುವಾಗ ಶಿವಮೊಗ್ಗದಲ್ಲಿ ಇಳಿದು ನಂದಿಬೆಟ್ಟದ ಕಡೆಯ ದಿನಬಳಕೆಯ ಕೆಂಪು ವೈನೊಂದನ್ನೂ ಕೊಂಡು ತಂದಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಕಾಯುವುದರ ಬೆಲೆ ಏನೆಂದು ನಿಮಗೇ ತಿಳಿಯುತ್ತದೆ ಎಂಬುದು ಅವರ ವಾದ. ಲೋಕದಲ್ಲಿ ತಯಾರಾಗುವ ವೈನಿನ ಬಹುಪಾಲು ಒಂದೆರಡು ವರ್ಷದೊಳಗೆ ಕುಡಿದು ಮುಗಿಸಲೆಂದೇ ಮಾಡಿದ್ದು, ಇಟ್ಟಷ್ಟೂ ಒಳ್ಳೆಯದಾಗುವುದು ಕೆಲವು ಮಾತ್ರ ಎಂದು ಅವರೇ ವಿವರಿಸಿದರು. ಹಾಗಿದ್ದಲ್ಲಿ ಕುಡಿಯಲೆಂದೇ ಮಾಡಿದ್ದನ್ನು ಮೊದಲು ಕುಡಿಯಬಾರದೇಕೆ ಎಂದು ಪಕ್ಕದ ಮನೆಯ ಹಿರಿಯರು ಕೇಳಿದ್ದು ನನಗೆ ನ್ಯಾಯವಾಗಿಯೇ ಕಂಡಿತು. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಯ ತರಗತಿ ಗುರುತಿಸುವುದರಲ್ಲಿ ಅವರು ಪಳಗಿದವರು ಎಂಬ ಕಾರಣಕ್ಕೆ ಅವರನ್ನು ತೀರ್ಪುಗಾರರೆಂದು ಕರೆಸಲಾಗಿತ್ತು.

ಔಷಧಿ ಕೊಠಡಿಯಿಂದ ಬಾಟಲಿ ಹೊರಬಂದಾಗ ಅದರ ಮೇಲೆ ಚೀಟಿಯೇ ಇರಲಿಲ್ಲ. ಅಂಟನ್ನು ಬೆಳ್ಳಿಮೀನುಗಳು ತಿಂದಿದ್ದವು, ಉಳಿದ ಕಾಗದವನ್ನು ಬೂಷ್ಟು ತಿಂದಿತ್ತು. ಮೈಲುತುತ್ತದ ನೀಲಿ ಪುಡಿ ಅಲ್ಲಲ್ಲಿ ಮೆತ್ತಿಕೊಂಡಿದ್ದ ಆ ಹೆಸರಿಲ್ಲದ ಬಾಟಲಿಯನ್ನು ಕಂಡು, ಅದನ್ನು ಅಲ್ಲಿಟ್ಟಿದ್ದ ಚಿಕ್ಕಪ್ಪನಿಗೇ ಅನುಮಾನ ಬಂತು. ಬಾಟಲಿಯನ್ನು ಎರಡು ಸಲ ತೊಳೆದರೂ ಅವರ ಅನುಮಾನ ತೊಳೆದುಹೋಗಲಿಲ್ಲ. ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ತಿಳಿಯಲು ಅದರಲ್ಲಿ ಹೊಳೆಯುವ ಕಬ್ಬಿಣದ ಕತ್ತಿ ಅದ್ದುವುದು ತೋಟದವರ ವಾಡಿಕೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕೆಂದು ಅರ್ಥ. ಚಿಕ್ಕಪ್ಪ ಆ ಪರೀಕ್ಷೆ ಆಗದೆ ಯಾರೂ ತುಟಿಗೆ ತಾಗಿಸಕೂಡದೆಂದು ಪಟ್ಟು ಹಿಡಿದರು.

ಬಿರಡೆ ತೆಗೆಯುವ ಕೆಲಸ ಭಾವನದು. ತಿರುಪು ಒಳಹೊಕ್ಕಿತು, ಬಿರಡೆಯ ಅರ್ಧ ಹೊರಬಂತು, ಇನ್ನರ್ಧ ಪುಡಿಯಾಗಿ ಒಳಗೆ ಬಿತ್ತು. ಅದೇ ಗಳಿಗೆಗೆ ಕರೆಂಟೂ ಹೋಯಿತು. ನಮ್ಮಲ್ಲಿ ಮಳೆಗಾಲದ ಸಂಜೆ ಕರೆಂಟು ಹೋಗುವುದು ಸುದ್ದಿಯಲ್ಲವಾದ್ದರಿಂದ ಮೋಂಬತ್ತಿ ತಾನಾಗಿ ಬಂತು. ಭಾವನಿಗೆ ಇದರಿಂದ ಸಂತೋಷವೇ ಆಯಿತು, ಏಕೆಂದರೆ ಹಳೆಯ ವೈನನ್ನು ಬೇರೆ ಪಾತ್ರೆಗೆ ಬಗ್ಗಿಸುವಾಗ ಬಾಟಲಿಯ ಕುತ್ತಿಗೆಯ ಕೆಳಗೆ ಮೋಂಬತ್ತಿ ಹಿಡಿದು, ಗಸಿ ಕಾಣಿಸಿದೊಡನೆ ಕೈ ನಿಲ್ಲಿಸುವುದು ಶಾಸ್ತ್ರೋಕ್ತ ಕ್ರಮವಂತೆ. ಬಿರಡೆಯ ಪುಡಿಗೆ ಶಾಸ್ತ್ರ ಏನು ಹೇಳುತ್ತದೆಂದು ಅವರು ಯೋಚಿಸುತ್ತಿರುವಾಗಲೇ ನನ್ನ ಹೆಂಡತಿ ಕಾಫಿ ಸೋಸುವ ಬಟ್ಟೆಯನ್ನು ತಂದು ತಂಬಿಗೆಯ ಬಾಯಿಗೆ ಕಟ್ಟಿ, ಎಲ್ಲವನ್ನೂ ಸೋಸಿ ಮುಗಿಸಿದ್ದಳು. ಒಂದು ಚಮಚದಷ್ಟನ್ನು ಬಟ್ಟಲಿಗೆ ಹಾಕಿ ಕತ್ತಿ ಅದ್ದಲಾಯಿತು. ಸ್ವಲ್ಪ ಹೊತ್ತಿನಲ್ಲಿ ಅಲಗಿನ ಮೇಲೆ ಮೂಡಿದ್ದು ಕೆಂಪಲ್ಲ, ಹಸಿ ಅಡಿಕೆ ಸುಲಿಯುವ ಕತ್ತಿಗೆ ಹತ್ತುವಂಥದೇ ಕರಿ. 'ತಾಮ್ರ ಇಲ್ಲ. ಇದು ಅಡಿಕೆ ಜಾತಿಯದೇ' ಎಂದು ಚಿಕ್ಕಪ್ಪ ಅಪ್ಪಣೆ ಕೊಟ್ಟರು. ಒಗರಿನ ಅಂಶ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ ಎಂಬುದು ರಸಾಯನಶಾಸ್ತ್ರ. ಅವರ ತೀರ್ಮಾನ ಅಕ್ಷರಶಃ ಸರಿಯಾಗಿಯೇ ಇತ್ತು.

ಯಾವುದು ಯಾವ ವೈನೆಂದು ಕುಡಿಯುವವರಿಗೆ ತಿಳಿಯಬಾರದೆಂದು ಹೆಂಡತಿ ಅಡುಗೆಮನೆಯಲ್ಲೇ ಗಾಜಿನ ಲೋಟಗಳಿಗೆ ಬಗ್ಗಿಸಿ, ಹಳೆಯದರ ಲೋಟಕ್ಕೆ ಸುಣ್ಣದ ಬೊಟ್ಟು, ಹೊಸದರ ಲೋಟಕ್ಕೆ ಅರಿಸಿನದ ಬೊಟ್ಟು ಇಟ್ಟು ತಂದಳು. ಮೊದಲು ಮೂಸಬೇಕೆಂದು ಭಾವ ಆದೇಶಿಸಿದರು. ಹಳೆಯ ವೈನಿನಲ್ಲಿ ನೆನೆದ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆಯೆಂದು ಅರ್ಥ. ಟ್ರೈಕ್ಲೋರೋಅನಿಸೋಲ್ ಎಂಬ ಆ ವಸ್ತು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಕ್ಕಿಬೀಳುತ್ತದೆ. ಅವರು ಮೂಸಿದರು, ಮುಖ ಗಂಟಿಕ್ಕಿದರು, ಇದೆ ಎಂದರು. ಆಮೇಲೆ ಹೊಸದನ್ನು ಮೂಸಿ, ಅದರಲ್ಲೂ ಇದೆ ಎಂದರು. ತಿರುಪಿನ ಮುಚ್ಚಳದ ಬಾಟಲಿಗೆ ಬಿರಡೆಯ ರೋಗ ಹೇಗೆ ಬಂತೆಂದು ವಿಚಾರಿಸುತ್ತ ಹೋದಾಗ ದಿಂಬಿನಲ್ಲಿ, ಕಂಬಳಿಯಲ್ಲಿ, ಹಗ್ಗದ ಮೇಲೆ ಒಣಗಲಾರದೆ ಜೋತಾಡುತ್ತಿದ್ದ ಪಂಚೆಯಲ್ಲಿ, ಕೊನೆಗೆ ಭಾವನ ಅಂಗಿಯಲ್ಲೇ ಅದೇ ವಾಸನೆ ಸಿಕ್ಕಿತು. ಜುಲೈ ತಿಂಗಳಲ್ಲಿ ನೆನೆದ ರಟ್ಟಿನ ವಾಸನೆ ಇಲ್ಲದ ಮನೆ ನಮ್ಮ ಸೀಮೆಯಲ್ಲಿಲ್ಲ. ಎಲ್ಲರೂ ಲೋಟ ಹಿಡಿದು ಬಚ್ಚಲೊಲೆಯ ಪಕ್ಕಕ್ಕೆ ಹೋದೆವು. ಅಲ್ಲಿ ತೇವದ ವಾಸನೆ ಇರಲಿಲ್ಲ, ಬದಲಿಗೆ ಹೊಗೆ ಇತ್ತು.

ಎಲ್ಲಕ್ಕಿಂತ ಕಠಿಣವಾಗಿದ್ದುದು ರುಚಿ ನೋಡಿ ಮುಗಿಯುವವರೆಗೆ ಯಾರೂ ಎಲೆಯಡಿಕೆಯ ಕವಳ ಹಾಕಕೂಡದೆಂಬ ನಿಯಮ. ಉಪ್ಪಿನಕಾಯಿಗೂ ನಿಷೇಧವಿತ್ತು, ಖಾರ ತಿಂದರೆ ಒಗರು ಇನ್ನಷ್ಟು ಒರಟಾಗುತ್ತದಂತೆ. ಭಾವ ಚೀಸ್ ಇದೆಯೇ ಎಂದು ಕೇಳಿದ್ದಕ್ಕೆ ಹಲಸಿನ ಹಪ್ಪಳ ಬಂತು, ಮತ್ತು ಎಣ್ಣೆ, ಉಪ್ಪು ಎರಡೂ ಇದ್ದುದರಿಂದ ಅದು ಚೆನ್ನಾಗಿಯೇ ಹೊಂದಿತು. ಅತ್ತೆ ಮಾತ್ರ ಇದು ದ್ರಾಕ್ಷಿಯದು ಎಂದು ಖಚಿತಪಡಿಸಿಕೊಂಡು, ದ್ರಾಕ್ಷಾರಿಷ್ಟದ ಮುಚ್ಚಳದಲ್ಲಿ ಅಳೆದು, ಸಮಪ್ರಮಾಣ ನೀರು ಬೆರೆಸಿ, ಊಟದ ನಂತರಕ್ಕೆಂದು ಎತ್ತಿಟ್ಟರು. ಭಾವ ಕಣ್ಣು ಮುಚ್ಚಿಕೊಂಡರು. ಪ್ರಾಚೀನ ಗ್ರೀಕರೂ ವೈನಿಗೆ ನೀರು ಬೆರೆಸಿಯೇ ಕುಡಿಯುತ್ತಿದ್ದರೆಂದು ನಾನು ಸಮಾಧಾನ ಹೇಳಿದ್ದು ಅವರಿಗೆ ಕೇಳಿಸಿದಂತಿರಲಿಲ್ಲ.

ಸುಣ್ಣದ ಬೊಟ್ಟಿನ ಲೋಟ ಮೋಂಬತ್ತಿಯ ಬೆಳಕಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಅರಿಸಿನದ್ದು ನೇರಳೆ ಕೆಂಪು. ಕೆಂಪು ವೈನು ವಯಸ್ಸಾದಂತೆ ತಿಳಿಯಾಗುತ್ತ ಹೋಗುವುದು ಅದರ ಸ್ವಭಾವ. ಭಾವ ಸುಣ್ಣದ ಲೋಟದಿಂದ ಗುಟುಕಿಸಿ, ಗಂಭೀರವಾಗಿ, 'ತಂಬಾಕು, ಚರ್ಮ, ಕಾಡಿನ ನೆಲ, ಮತ್ತೆ ಸ್ಪಷ್ಟವಾಗಿ ಕಾಫಿ' ಎಂದರು. ಕಾಫಿಯ ಮೂಲ ಯಾವುದೆಂದು ನನ್ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳೇ ಹೊರತು ಬಾಯಿಬಿಟ್ಟು ಹೇಳಲಿಲ್ಲ. ಪಕ್ಕದ ಮನೆಯವರು ಕಾಡಿನ ನೆಲ ಎಂದರೆ ಯಾವ ಕಾಡಿನದು ಎಂದು ಕೇಳಿದರು. ಸೊಪ್ಪಿನ ಬೆಟ್ಟದ ದರಗು ಮಾಘಮಾಸದಲ್ಲಿ ಒಂದು ಬಗೆ, ಶ್ರಾವಣದಲ್ಲಿ ಕೊಳೆತಾಗ ಇನ್ನೊಂದು ಬಗೆ. ಅಷ್ಟು ಹೇಳದಿದ್ದರೆ ತೀರ್ಪು ಕೊಡುವುದು ಹೇಗೆ?

ಆಮೇಲೆ ಅವರು ಎರಡೂ ಲೋಟಗಳನ್ನು ಖಾಲಿ ಮಾಡಿ, ಸರಕೆಂದರೆ ಮೇಲಿನ ತರಗತಿ, ಗೊರಬಲೆಂದರೆ ಕೆಳಗಿನದು ಎಂಬ ಮಂಡಿಯ ಧಾಟಿಯಲ್ಲೇ ತರಗತಿ ಹೇಳಿದರು: 'ಅರಿಸಿನದ್ದು ಸರಕು. ಸುಣ್ಣದ್ದು ಗೊರಬಲು. ಅದರಲ್ಲಿ ಒಗರೇ ಸತ್ತುಹೋಗಿದೆ, ಮಾರಾಯ.'

ಭಾವನಿಗೆ ಉಸಿರು ಕಟ್ಟಿದಂತಾಯಿತು, ಏಕೆಂದರೆ ಸಾಯಬೇಕಾದದ್ದು ಅದೇ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಇಳಿಯುವ ಟ್ಯಾನಿನ್ ಎಂಬ ಒಗರು ಜೊಲ್ಲಿನ ಪ್ರೋಟೀನನ್ನು ಹಿಡಿದು ನಾಲಿಗೆಯನ್ನು ಒರಟುಮಾಡುತ್ತದೆ. ವರ್ಷಗಳು ಕಳೆದಂತೆ ಅದು ಬಣ್ಣದ ಅಂಶದೊಡನೆ ಬೆಸೆದುಕೊಂಡು, ಕೊಂಚ ಕೊಂಚವಾಗಿ ಗಸಿಯಾಗಿ ತಳಕ್ಕಿಳಿದು, ಮೇಲಿನದು ಮೃದುವಾಗುತ್ತದೆ. ಆ ಮೃದುತ್ವಕ್ಕಾಗಿಯೇ ಜನ ದುಬಾರಿ ಬೆಲೆ ತೆತ್ತು ಕಾಯುತ್ತಾರೆ. ಆದರೆ ಅಡಿಕೆಯ ಒಗರೂ ಅದೇ ಕುಲದ ವಸ್ತು, ಮತ್ತು ನಮ್ಮವರು ಅಡಿಕೆ ಬೇಯಿಸಿದ ಹಂಡೆಯಿಂದ ಚೊಗರನ್ನು ಬಸಿದು, ಹನಿಯೂ ಚೆಲ್ಲದಂತೆ ಮುಂದಿನ ವರ್ಷಕ್ಕೆ ಎತ್ತಿಡುವವರು. ನಾಲಿಗೆಯನ್ನು ದಿನವಿಡೀ ಒಗರಿನಲ್ಲಿ ನೆನೆಸಿಟ್ಟುಕೊಂಡವರ ಮುಂದೆ, ಒಗರು ಹೋಗಿದೆ ಎಂಬುದನ್ನು ಹೆಚ್ಚುಗಾರಿಕೆಯೆಂದು ಹೊಗಳುವುದು ನಡೆಯುವ ವ್ಯವಹಾರವಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಹಳೆಯದೇ ಮೇಲು. ಗುಟುಕು ಇಳಿದ ಎಷ್ಟೋ ಹೊತ್ತಿನ ಮೇಲೂ ಅದು ಬಾಯಲ್ಲಿ ಉಳಿಯುತ್ತಿತ್ತು. ಆದರೆ ಅಲ್ಲಿ ನನ್ನ ಮತ ಕೇಳಿದವರಿರಲಿಲ್ಲ.

ಭಾವ ಇನ್ನೊಮ್ಮೆ ರುಚಿ ನೋಡಿಸಲು ತಂಬಿಗೆ ತರುವಷ್ಟರಲ್ಲಿ ತೀರ್ಪುಗಾರರು ಸಂಚಿಯಿಂದ ಎಲೆ ತೆಗೆದಿದ್ದರು. ಸುಣ್ಣದ ಡಬ್ಬಿ ಮನೆಯಲ್ಲೇ ಉಳಿದಿತ್ತೆಂದು ತೋರುತ್ತದೆ. ಅವರು ಲೋಟದ ಬೊಟ್ಟನ್ನೇ ಬೆರಳಿನಿಂದ ಒರೆಸಿ ಎಲೆಗೆ ಹಚ್ಚಿ, ಕವಳ ಹಾಕಿಯೇಬಿಟ್ಟರು. ಸುಣ್ಣದ ಲೋಟ ಯಾವುದೆಂದು ಆಮೇಲೆ ತಿಳಿದ ಚಿಕ್ಕಪ್ಪ, ಬೋರ್ಡೋಗೆ ಸುಣ್ಣ ಬಿದ್ದಿದ್ದು ಒಳ್ಳೆಯದೇ ಆಯಿತೆಂದರು.

ಮರುದಿನ ಸಂಜೆ ಪಕ್ಕದ ಮನೆಯವರು ಕೊಡೆ ಮರೆತುಹೋಗಿದೆಯೆಂದು ಬಂದರು. ಕೊಡೆ ಅವರ ಕೈಯಲ್ಲೇ ಇತ್ತು. ಹಳೆಯ ವೈನು ಗಾಳಿ ತಾಗಿದ ಮೇಲೆ ಬಹಳ ಹೊತ್ತು ತಡೆಯುವುದಿಲ್ಲ. ತಂಬಿಗೆಯ ತಳದಲ್ಲಿ ಉಳಿದದ್ದು ಆಗಲೇ ಸೊರಗಿ ಹುಳಿಯತ್ತ ವಾಲಿತ್ತು, ತಿರುಪಿನ ಮುಚ್ಚಳದ ದಿನಬಳಕೆಯದು ನಿನ್ನೆಯಂತೆಯೇ ಗಟ್ಟಿಯಾಗಿತ್ತು. ಅವರು ಎರಡನ್ನೂ ಒಂದೊಂದು ಗುಟುಕು ನೋಡಿ, ಭಾವನ ಕಡೆ ತಿರುಗಿ, ಇನ್ನೊಂದು ಸಲ ಅಷ್ಟು ದೂರದಿಂದ ತರುವುದಿದ್ದರೆ ಒಗರು ಇರುವಾಗಲೇ ತೆಗೆಯಿರಿ, ಅಷ್ಟು ವರ್ಷ ಇಟ್ಟು ದರ ಬೀಳಿಸಿಕೊಳ್ಳಬೇಡಿ ಎಂದು ಬುದ್ಧಿ ಹೇಳಿ, ದಿನಬಳಕೆಯದರ ಮುಂದೆ ಲೋಟ ಹಿಡಿದರು.