ಸ್ಪಷ್ಟನೆ: ಊರು ಬಿಟ್ಟವರೆಲ್ಲ ಬಡವರಲ್ಲ

‘ಮಲೆನಾಡಿನ ಬಡವರೆಲ್ಲ ಬೆಂಗಳೂರು ಸೇರಿದರು, ಊರಲ್ಲಿ ಉಳಿದವರು ತೋಟದ ಸಾಹುಕಾರರು ಮಾತ್ರ’ ಎಂಬ ಸಂದೇಶ ಸಾಗರ, ಹೊಸನಗರದ ಕಡೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಹೆಚ್ಚುಕಡಿಮೆ ತಲೆಕೆಳಗಾದ ಮಾತು.

ದೂರ ಹೋಗುವುದಕ್ಕೂ ಬಂಡವಾಳ ಬೇಕು. ಇಂಜಿನಿಯರಿಂಗ್ ಶುಲ್ಕ, ಬಾಡಿಗೆ ಮನೆಯ ಮುಂಗಡ, ಕೆಲಸ ಸಿಗುವ ತನಕದ ಊಟ, ಎಲ್ಲವನ್ನೂ ಅಡಿಕೆಯೇ ಭರಿಸಿದೆ. ಎಷ್ಟೋ ತೋಟದ ಮನೆಗಳಲ್ಲಿ ಈಗ ವಯಸ್ಸಾದ ಅಪ್ಪ, ಅಮ್ಮ ಇಬ್ಬರೇ. ತುಂಡು ಭೂಮಿಯೂ ಇಲ್ಲದವರು ಹೋದರೆ ಹೆಚ್ಚಾಗಿ ಹತ್ತಿರದ ಪೇಟೆಗೆ, ಗಾರೆ ಕೆಲಸಕ್ಕೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಾರೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕೂತು, ಸುಲಿದಷ್ಟಕ್ಕೆ ಕೂಲಿ ಪಡೆಯುವ ಹೆಂಗಸರು ಸಂದೇಶ ಬರೆದವರ ಕಣ್ಣಿಗೆ ಬೀಳಲಿಲ್ಲವೇ?

ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದ 1951ರ ಕಾಗೋಡು ಸತ್ಯಾಗ್ರಹ ನಡೆದ ನೆಲ ಇದು. 1974ರ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು, ಅವರ ಮಕ್ಕಳು ಓದಿ ಹೊರಟರು. ಗೇಣಿಯೂ ಇರದ ಕೂಲಿಯವರಿಗೆ ಅದರಿಂದ ದಕ್ಕಿದ್ದು ಅಷ್ಟಕ್ಕಷ್ಟೆ.

ಸಂದೇಶವು ಶರಾವತಿ ಮುಳುಗಡೆಯವರನ್ನೂ ‘ಹೊಟ್ಟೆಪಾಡಿಗೆ ಹೋದವರು’ ಎಂದು ಲೆಕ್ಕಕ್ಕೆ ಸೇರಿಸಿದೆ. ಅವರು ತಾವಾಗಿ ಹೋದವರಲ್ಲ. ಲಿಂಗನಮಕ್ಕಿ ಅಣೆಕಟ್ಟೆಗಾಗಿ 1960ರ ದಶಕದಲ್ಲಿ ಅವರನ್ನು ಎಬ್ಬಿಸಲಾಯಿತು. ಅನೇಕ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿವೆ.