ಅಜ್ಜನ ಬಂದೂಕಿಗೆ ಅಗಸೆ ಎಣ್ಣೆ

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಬಂದೂಕು ಇದೆ. ಕುಷ್ಟಗಿ ಕಡೆಯ ನಮ್ಮ ಹೊಲಕ್ಕೆ ಹಂದಿ ನುಗ್ಗುತ್ತವೆ ಅಂತ ಬೆಳೆ ರಕ್ಷಣೆಗೆ ಲೈಸೆನ್ಸ್ ಮಾಡಿಸಿ ತಂದಿದ್ದಂತೆ. ಅದು ಹೊಡೆದ ಹಂದಿಯನ್ನು ಮಾತ್ರ ಊರಲ್ಲಿ ಯಾರೂ ನೋಡಿಲ್ಲ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂತು.

.315 ಬೋರಿನದು, ಅಂದರೆ ನಳಿಗೆಯ ತೂತಿನ ಅಳತೆ ಅಷ್ಟು. ಬಂಗಾಳದ ಇಶಾಪುರದ ಸರ್ಕಾರಿ ಬಂದೂಕು ಕಾರ್ಖಾನೆಯ ಮಾಲು. ಎರಡು ಮಹಾಯುದ್ಧ ಕಂಡ ಸೈನ್ಯದ .303 ರೈಫಲ್ ಇದೆಯಲ್ಲ, ಒಳಗಿನ ಯಂತ್ರ ಅದೇ. ಸೈನ್ಯದ ಗುಂಡು ಜನರ ಕೈಗೆ ಸಿಗಬಾರದು ಅಂತ ನಳಿಗೆ ಬೇರೆ ಹಾಕಿ, ಮುಂದಿನ ಕಟ್ಟಿಗೆ ಮೊಟಕು ಮಾಡಿ, ಹತ್ತು ಗುಂಡಿನ ಮ್ಯಾಗಜಿನ್ನನ್ನು ಐದಕ್ಕೆ ಇಳಿಸಿದ್ದಾರೆ. ರಿಟೈರ್ ಆದ ಹವಾಲ್ದಾರರು ಸಫಾರಿ ಸೂಟ್ ಹಾಕಿಕೊಂಡ ಹಾಗೆ. ಸೂಟಿನ ಮೇಲೆ ನಮ್ಮ ಕಾಕಾ ಬೇರೆ ಕೈ ಆಡಿಸಿದ್ದರು. ಗೆದ್ದಲು ಹತ್ತಬಾರದು ಅಂತ, ಬಾಗಿಲಿಗೆ ಬಳಿದು ಉಳಿದ ಕೆಂಪು ಪೇಂಟನ್ನು ಕಟ್ಟಿಗೆಗೆ ಬಳಿದಿದ್ದರು. ಕಿನ್ನಾಳದ ಗೊಂಬೆಗಳ ಸಾಲಿನಲ್ಲಿ ಇಟ್ಟಿದ್ದರೆ ಯಾರಾದರೂ ಕೊಂಡುಕೊಂಡು ಹೋಗುತ್ತಿದ್ದರು.

ನನಗೆ ಅದನ್ನು ಹೊಸದು ಮಾಡುವ ಹುಚ್ಚು ಹತ್ತಿತು. ದುರ್ಬೀನು ಕೂಡಿಸಬೇಕು ಅಂತಲೂ ಇತ್ತು. ಬಳ್ಳಾರಿಯ ಬಂದೂಕಿನ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಬ್ಬಿಣದ ಕೆಲಸ ಲೈಸೆನ್ಸ್ ಇದ್ದವರದು. ನೀವು ಸುಮ್ನೆ ಕಟ್ಟಿಗೆ ಉಜ್ಜಿಕೊಂಡಿರ್ರಿ. ಅಗಸಿ ಎಣ್ಣಿ ಹಚ್ಚರಿ," ಅಂದರು.

ಅಗಸೆಗೆ ನಮ್ಮಲ್ಲಿ ಬರವೇ? ಗಾಣದ ಎಣ್ಣೆ ಒಂದು ಲೀಟರ್ ತಂದೆ. ಮೂರು ದಿನ ಪೇಂಟ್ ಕೆರೆದೆ. ಕೆಳಗೆ ಎಂಥ ಚೆಂದದ ಕಟ್ಟಿಗೆ ಅಂತೀರಿ, ಹಳೆ ಬೆಲ್ಲದ ಬಣ್ಣ! ಖುಷಿಗೆ ಮಿರ್ಚಿ ಕರಿಯುವಷ್ಟು ಎಣ್ಣೆ ಸುರಿದೆ. ತೆಳ್ಳಗೆ ಸವರಿ, ಒರೆಸಿ, ಒಣಗಿದ ಮೇಲೆ ಇನ್ನೊಂದು ಕೈ ಹಚ್ಚಬೇಕಂತೆ. ಗಾಣದ ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕಂತೆ. ಇದೆಲ್ಲ ಆಮೇಲೆ ಗೊತ್ತಾಯಿತು. ಕೊಪ್ಪಳದ ಮಾರ್ಚ್ ಬಿಸಿಲಿಗೂ ಅದು ಜಗ್ಗಲಿಲ್ಲ. ಎರಡು ಇರುವೆ, ಒಂದು ಕೋಳಿ ಪುಕ್ಕ, ನನ್ನ ತಲೆಯ ನಾಲ್ಕು ಕೂದಲು ಅಂಟಿಕೊಂಡವು. ನನ್ನ ಹತ್ತಿರ ಅವೇನು ಜಾಸ್ತಿ ಇರಲಿಲ್ಲ.

ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಕೆಟ್‌ನಲ್ಲಿ ತುರುಕಿದ್ದೆ. ಮಧ್ಯಾಹ್ನ ಮಲಗಿದ್ದಾಗ ಅವ್ವ ಬಂದು ಎಬ್ಬಿಸಿದಳು. "ಈ ವಯಸ್ಸಿನಾಗ ಬೀಡಿ ಕಲ್ತೀಯೇನೋ?" ಓಡಿ ನೋಡಿದರೆ ಬಕೆಟ್ ಹೊಗೆಯಾಡುತ್ತಿದೆ. ಅಗಸೆ ಎಣ್ಣೆ ಒಣಗುವಾಗ ಗಾಳಿ ಹೀರಿ ಬಿಸಿಯಾಗುತ್ತದೆ. ಮುದ್ದೆ ಮಾಡಿಟ್ಟರೆ ತಾನಾಗೇ ಹೊತ್ತಿಕೊಳ್ಳುತ್ತದೆ. ನೀರು ಸುರಿದೆ. ಇಷ್ಟು ವರ್ಷದಲ್ಲಿ ಆ ಬಂದೂಕು ನಮ್ಮ ಮನೆಯಲ್ಲಿ ಎಬ್ಬಿಸಿದ ಮೊದಲ ಹೊಗೆ ಅದು.

ಅಷ್ಟರಲ್ಲಿ 2023ರ ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆ ಆಯಿತು. ಬಂದೂಕು ಠಾಣೆಗೆ ಕೊಡಿ ಅಂತ ಕರೆ ಬಂತು. ಒಣಗಿಲ್ಲ ಅಂತ ಹೇಳಲು ಆಗುತ್ತದಾ? ಅವ್ವನ ಹಳೆ ಸೀರೆಯಲ್ಲಿ ಸುತ್ತಿ ಒಯ್ದೆ. ಬಿಚ್ಚಲು ಹೋದರೆ ಸೀರೆ ಬರುತ್ತಿಲ್ಲ. ನಾನು ಒಂದು ಕಡೆ, ಕಾನ್‌ಸ್ಟೇಬಲ್ ಇನ್ನೊಂದು ಕಡೆ ಹಿಡಿದು ಎಳೆದೆವು.

"ಏನ್ರೀ ಇದು, ಬೆಲ್ಲದ ಪಾಕ ಸವರಿ ತಂದೀರೇನು?"

"ಅಗಸಿ ಎಣ್ಣಿರೀ ಸಾಹೇಬ್ರ."

"ಚಟ್ನಿ ತರಬೇಕಿತ್ತಲ್ರೀ!"

ನಂಬರು ನೋಡಲು ಬೋಲ್ಟ್, ಅಂದರೆ ಗುಂಡನ್ನು ನಳಿಗೆಗೆ ತಳ್ಳುವ ಕಬ್ಬಿಣದ ಸರಳು, ತೆಗೆಸಿದರು. ತೆಗೆದೆ. ವಾಪಸ್ ಹಾಕಲು ಬರಲಿಲ್ಲ. ಬೋಲ್ಟಿನ ತಲೆ ತಿರುಗಿ ಕೂತಿತ್ತು. ತಳ್ಳಿದೆ, ಅಲ್ಲಾಡಿಸಿದೆ, ಬೆವರಿದೆ. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯ ದಫೇದಾರರು ಎದ್ದು ಬಂದರು. ಟ್ರೈನಿಂಗಿನಲ್ಲಿ .303 ಹೊತ್ತು ಓಡಿದವರು. ಎಡಗೈಲಿ ಕಟ್ಟಿಗೆ ಗಟ್ಟಿ ಹಿಡಿದು, ಬಲಗೈ ಹೆಬ್ಬೆರಳಿಂದ ತಲೆ ತಿರುಗಿಸಿ ಒಳಗೆ ನೂಕಿದರು. ಟಕ್! ಆಮೇಲೆ ಎಡಗೈ ಬಿಡಿಸಿಕೊಳ್ಳಲು ಮಾತ್ರ ಸ್ವಲ್ಪ ಹೊತ್ತು ಬೇಕಾಯಿತು.

ಚುನಾವಣೆ ಮುಗಿದ ಮೇಲೆ ತಂದೆ. ಎಣ್ಣೆ ಗಟ್ಟಿಯಾಗಿ ಗಾಜಿನಂತೆ ಹೊಳೆಯುತ್ತಿತ್ತು. ಕಟ್ಟಿಗೆಯ ಮೇಲೆ ದಫೇದಾರರ ಐದೂ ಬೆರಳಿನ ಗುರುತು ಗೆರೆ ಗೆರೆಯಾಗಿ ಉಳಿದಿತ್ತು. ಠಾಣೆಗೆ ಹೋದವರ ಬೆರಳಚ್ಚು ಅವರು ತಗೋತಾರೆ. ನಾನು ಅವರದ್ದೇ ತಗೊಂಡು ಬಂದಿದ್ದೇನೆ.