ಸುಣ್ಣದ ನೀರು ಇರಲಿ, ಲೆಟರ್ ಬರೆಯೋಕೆ ಬರುತ್ತಾ?

ನಮ್ಮಕ್ಕನ ಮಗ ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡಿದ್ದಾನೆ. ಮೊನ್ನೆ ದೊಡ್ಡದೊಂದು ವಿದ್ಯುತ್ ಕಂಪನಿಗೆ ಇಂಟರ್ವ್ಯೂಗೆ ಹೋಗಿದ್ದ. ಹೆಸರು ಬೇಡ ಬಿಡಿ, ಪಾಪ, ಹುಡುಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲ.

ಹಿಂದಿನ ರಾತ್ರಿಯೆಲ್ಲ ಕೂತು ಎಫ್‌ಜಿಡಿ ಉರು ಹೊಡೆದಿದ್ದ. ಅದೇ, ಕಲ್ಲಿದ್ದಲಿನ ಹೊಗೆ ಚಿಮಣಿ ಹತ್ತುವ ಮುಂಚೆ ಸುಣ್ಣದಕಲ್ಲಿನ ಪುಡಿ ಕದಡಿದ ನೀರು ಎರಚಿ ಸಲ್ಫರ್ ಡೈಆಕ್ಸೈಡ್ ಹಿಡಿಯುವ ಯಂತ್ರ. ಹಿಡಿದದ್ದು ಜಿಪ್ಸಮ್ ಆಗುತ್ತದೆ. ಅವನ ಪ್ರಾಜೆಕ್ಟೇ ಅದು. ಎದುರಿಗೆ ಮೂರು ಜನ ಕೂತಿದ್ದರಂತೆ. ಸುಣ್ಣದ ಮಾತು ಯಾರೂ ಎತ್ತಲಿಲ್ಲ.

‘ಮಾಲಿನ್ಯ ನಿಯಂತ್ರಣ ಮಂಡಳಿ ನೋಟಿಸ್ ಕೊಟ್ಟರೆ ಏನು ಮಾಡ್ತೀರಿ?’

‘ಯಾವ ಮಿತಿ ಮೀರಿದೆ ನೋಡಿ ಸರಿ ಮಾಡಿಸ್ತೀನಿ ಸರ್.’

ಮೂವರೂ ಮುಖ ಮುಖ ನೋಡಿಕೊಂಡರಂತೆ. ‘ಅದು ಆಮೇಲೆ. ಮೊದಲು ಉತ್ತರ ಬರೀಬೇಕಲ್ವಾ? ನಿಮ್ಮ ಲೆಟರ್ ಡ್ರಾಫ್ಟಿಂಗ್ ಹೇಗಿದೆ?’

ಮುಂದಿನ ಪ್ರಶ್ನೆ, ಜೂನ್ 5ರ ಕಾರ್ಯಕ್ರಮ ಮಾಡಿಸಿದ ಅನುಭವ ಇದೆಯಾ ಅಂತ. ಇದು ಮಾತ್ರ ಸರಿಯಾದ ಪ್ರಶ್ನೆ. ಪರಿಸರ ದಿನದ ಫೋಟೋ ಅಂದರೆ ಸುಮ್ನೆ ಅಲ್ಲ. ಗುಂಡಿ ಹಿಂದಿನ ದಿನವೇ ತೋಡಿಸಿರಬೇಕು. ಸುತ್ತ ರಂಗೋಲಿ. ಗೇಣುದ್ದದ ಒಂದು ಹೊಂಗೆ ಸಸಿಗೆ ಏಳು ಜನ ಸಾಹೇಬರು ಕೈ ಹಾಕಬೇಕು, ಮದುವೆ ಮನೆಯಲ್ಲಿ ಧಾರೆ ಎರೆಯುವಾಗ ತೆಂಗಿನಕಾಯಿಗೆ ಎಲ್ಲರೂ ಕೈ ಕೊಡುತ್ತಾರಲ್ಲ, ಹಾಗೆ. ಕೊನೆಗೆ ಕೈ ತೊಳೆಯಲು ಬಿಸ್ಲೇರಿ. ಸಸಿಗೆ ಬಿದ್ದದ್ದಕ್ಕಿಂತ ಸಾಹೇಬರ ಕೈಗೆ ಬಿದ್ದ ನೀರೇ ಜಾಸ್ತಿ. ಗುಂಡಿ ಮಾತ್ರ ಗಟ್ಟಿ, ಮುಂದಿನ ಜೂನ್‌ಗೂ ಅಲ್ಲೇ ಇರುತ್ತದೆ.

ಹುಡುಗನದೇ ತಪ್ಪು. ಪುಸ್ತಕ ಓದುವ ಬದಲು ಪೇಪರ್ ಓದಬೇಕಿತ್ತು. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳಿಗೆ ಹೊಸ ನಿಯಮ ತಂದಿತು, ಎರಡು ವರ್ಷದಲ್ಲಿ ಹೊಗೆ ಸರಿ ಮಾಡಿ ಅಂತ. ಗಡುವು 2017 ಹೋಗಿ 2022 ಆಯಿತು. ಅದೂ ಜರುಗಿತು, ಮತ್ತೆ ಜರುಗಿತು, 2024ರ ಕೊನೆಯಲ್ಲಿ ಇನ್ನೂ ಮೂರು ವರ್ಷ ತಗೊಳ್ಳಿ ಅಂದರು. ನಮ್ಮ ಮನೆ ಕರೆಂಟ್ ಬಿಲ್ ಸ್ವಲ್ಪ ತಡವಾದರೆ ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಾನೆ. ಅದೇ ಕರೆಂಟ್ ಮಾಡುವವರಿಗೆ ಹತ್ತು ವರ್ಷ. ಕೊನೆಗೆ 2025ರ ಜುಲೈನಲ್ಲಿ, ಸಿ ಗುಂಪಿನ ಸ್ಥಾವರಗಳಿಗೆ ಈ ಎಫ್‌ಜಿಡಿ ಯಂತ್ರ ಬೇಡವೇ ಬೇಡ ಅಂದುಬಿಟ್ಟರು. ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಗುಂಪಿನವೇ.

ಸಿ ಗುಂಪು ಅಂದರೆ? ಹತ್ತು ಕಿಲೋಮೀಟರ್ ಒಳಗೆ ಹತ್ತು ಲಕ್ಷ ಜನರ ಪಟ್ಟಣ ಇರಬಾರದು. ಮಾಲಿನ್ಯ ಮಿತಿ ಮೀರಿದೆ ಅಂತ ಪಟ್ಟಿಗೆ ಸೇರಿದ ಜಾಗವೂ ಇರಬಾರದು. ಎಂಥ ಸೂಕ್ಷ್ಮ ನೋಡಿ! ಹತ್ತನೇ ಕಿಲೋಮೀಟರ್ ಕಲ್ಲಿನ ಈಚೆಗಿರುವವರಿಗೆ ಶ್ವಾಸಕೋಶ ಇದೆ, ಆಚೆಯವರಿಗೆ ಇಲ್ಲ. ಅಲ್ಲಿ ಹೊಗೆಯೂ ಕಲ್ಲು ನೋಡಿ ನಿಲ್ಲುತ್ತದೆ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಚಿಮಣಿ ಎತ್ತರ, ಗಾಳಿ ಚೆನ್ನಾಗೇ ಇದೆ ಅನ್ನುತ್ತಾರೆ. ಹೌದು, ದೊಡ್ಡ ಘಟಕಗಳ ಚಿಮಣಿ 275 ಮೀಟರ್ ಇರುತ್ತದೆ. ನಮ್ಮ ಮನೆ ಕಸ ಕಾಂಪೌಂಡ್ ಆಚೆ ಎಸೆದು ಕ್ಲೀನ್ ಆಯ್ತು ಅಂದ ಹಾಗೆ. ಆ ಗಂಧಕ ಗಾಳಿಯಲ್ಲಿ ಸಣ್ಣ ಕಣವಾಗಿ ನೂರಾರು ಕಿಲೋಮೀಟರ್ ಹೋಗುತ್ತದೆ. ಇದನ್ನು ಕಲಿಸೋಕೆ ತಾನೇ ಕಾಲೇಜು ಇಟ್ಟು, ಫೀಸ್ ತಗೊಂಡು, ಎಂ.ಟೆಕ್ ಕೊಡೋದು? ಕಲಿಸೋದೂ ನೀವೇ, ಬೇಡ ಅನ್ನೋದೂ ನೀವೇ. ಸಾಕಾಗಿದೆ.

ನಿನ್ನೆ ಸಂಜೆ ಫೋನ್ ಮಾಡಿದ್ದ. ‘ಮಾವ, ಎರಡನೇ ಸುತ್ತಿಗೆ ಕರೆದಿದ್ದಾರೆ! ಒಂದು ಟೆಸ್ಟ್ ಕಳಿಸಿದ್ದಾರೆ. ಮಂಡಳಿಗೆ ಇನ್ನಷ್ಟು ಕಾಲಾವಕಾಶ ಕೇಳಿ ಪತ್ರ ಬರೀಬೇಕಂತೆ.’

‘ಎಷ್ಟು ದಿನ ಕೇಳಬೇಕಂತೆ?’

‘ಆ ಜಾಗ ಖಾಲಿ ಬಿಡಿ ಅಂದಿದ್ದಾರೆ ಮಾವ.’